ಟೋನಣ್ಣ ಮತ್ತು ಮೂರನೇ ಸಾಲು

ಅಂಗಡಿಯ ಬೋರ್ಡಿನ ಮೇಲೆ ಬರೆದಿರುವ ಹೆಸರಿನಿಂದ ಅವನನ್ನು ಯಾರೂ ಕರೆಯುವುದಿಲ್ಲ. ಕನ್ನಡಕ ಮಾಡಿಸಲು ಬರುವವರಿಗೆ ಅವನು ಡಾಕ್ಟ್ರು. ನಾನು ಡಾಕ್ಟರಲ್ಲ, ಬರೀ ಕಣ್ಣಿನ ನಂಬರ್ ನೋಡೋನು ಅಂತ ಎಷ್ಟು ಬಡಕೊಂಡರೂ ಡಾಕ್ಟ್ರೇ. ಅಂಗಡಿಯ ಮೇಲಿನ ಮಹಡಿಗೆ ವಾದ್ಯ ನುಡಿಸಲು ಬರುವವರಿಗೆ ಅವನು ಟೋನಣ್ಣ. ಆ ಹೆಸರಿಟ್ಟವನು, ಇವನು ಗಿಟಾರ್ ನುಡಿಸುವ ಬ್ಯಾಂಡಿನ ಡ್ರಮ್ಮರ್ ಡಬ್ಬ. ಡಬ್ಬನಿಗೂ ಒಂದು ಒಳ್ಳೇ ಹೆಸರಿತ್ತು, ಆದರೆ ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಬಾರಿಸಿ ಬಾರಿಸಿ ಸೊಟ್ಟ ಮಾಡಿದ ಮೇಲೆ ಆ ಹೆಸರು ಯಾರಿಗೂ ಬೇಕಾಗಲಿಲ್ಲ.

ಟೋನ್ ಅಂದರೇನು ಅಂತ ಟೋನಣ್ಣನನ್ನು ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಸಂಜೆ ಹೋಯಿತು. ಚಿಕ್ಕದಾಗಿ ಹೇಳುವುದಾದರೆ ಇಷ್ಟೇ: ಫೋನಿನಲ್ಲಿ 'ಹಲೋ' ಅಂದ ಕೂಡಲೇ ಇವರು ಇಂಥವರು ಅಂತ ಗುರುತು ಹತ್ತುತ್ತದಲ್ಲ, ಹಾಗೆ ಗಿಟಾರಿನ ಒಂದೇ ಒಂದು ಸ್ವರ ಕಿವಿಗೆ ಬಿದ್ದ ಕೂಡಲೇ ಜನ 'ಓ, ಇದು ಅವನೇ' ಅನ್ನಬೇಕು. ಅದು ಅವನ ಆಸೆ. ಆಸೆಗೇನು, ಇರಲಿ ಬಿಡಿ. ಆದರೆ ಆ ಗುರುತನ್ನು ಅವನು ಕೈಬೆರಳಲ್ಲಿ ಹುಡುಕದೆ ಕಾಲಬುಡದಲ್ಲಿ ಹುಡುಕಿದ.

ಕಾಲಬುಡದಲ್ಲಿ ಇದ್ದದ್ದು ಪೆಡಲುಗಳು. ಅಂಗೈ ಅಗಲದ ಲೋಹದ ಪೆಟ್ಟಿಗೆ, ಮೇಲೆ ತಿರುಗಿಸುವ ಗುಂಡಿಗಳು, ಕಾಲಲ್ಲಿ ಒತ್ತಲು ಒಂದು ಸ್ವಿಚ್ಚು. ಗಿಟಾರಿನಿಂದ ಹೊರಟ ವೈರು, ಸದ್ದು ಹೊರಡಿಸುವ ಆ್ಯಂಪಿನ ಪೆಟ್ಟಿಗೆ ಸೇರುವ ಮುಂಚೆ ದಾರಿಯಲ್ಲಿ ಇವನ್ನೆಲ್ಲ ಹೊಕ್ಕು ಬರುತ್ತದೆ. ಒಂದು ಪೆಡಲು ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ದಪ್ಪ ಮಾಡುತ್ತದೆ. ಮತ್ತೊಂದು ನುಡಿಸಿದ್ದನ್ನೇ ಹಿಂದಿನಿಂದ ಮತ್ತೆ ಮತ್ತೆ ಹೇಳುತ್ತದೆ. ಮಗದೊಂದು ಇದೆ, ಅದನ್ನು ಒತ್ತಿದರೆ ಕೋಣೆಯಲ್ಲಿ ನುಡಿಸಿದ್ದು ದೊಡ್ಡ ಸಭಾಂಗಣದಲ್ಲಿ ನುಡಿಸಿದ ಹಾಗೆ ಕೇಳಿಸುತ್ತದೆ. ಟೋನಣ್ಣ ಇವನ್ನೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒಂದೇ ಅಡಾಪ್ಟರಿನಿಂದ ಅಷ್ಟಕ್ಕೂ ಕರೆಂಟು ಕೊಟ್ಟು, ನುಡಿಸುವಾಗ ಆ ಹಲಗೆಯನ್ನೇ ನೋಡುತ್ತಿದ್ದ. ಎದುರಿಗೆ ಜನ ಇದ್ದಾರೆ ಅನ್ನುವುದು ಚಪ್ಪಾಳೆ ಬಿದ್ದಾಗಷ್ಟೇ ಅವನಿಗೆ ಗೊತ್ತಾಗುತ್ತಿತ್ತು.

ಪೆಡಲು ಆರಿಸುವ ವಿಧಾನವನ್ನು ಅವನು ತನ್ನ ಕಸುಬಿನಿಂದಲೇ ಎತ್ತಿಕೊಂಡಿದ್ದ. ಕಣ್ಣು ಪರೀಕ್ಷೆ ಮಾಡುವಾಗ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, 'ಇದು ಸ್ಪಷ್ಟವಾ, ಅದಾ?' ಅಂತ ಕೇಳುತ್ತಾರಲ್ಲ, ಹಾಗೆಯೇ. ಅಂಗಡಿಯ ಶಟರ್ ಅರ್ಧ ಎಳೆದ ಮೇಲೆ ಮಹಡಿ ಹತ್ತಿ, ಒಬ್ಬನೇ ಕೂತು, ಈ ಪೆಡಲಿನಲ್ಲಿ ಒಂದು ಸ್ವರ, ಆ ಪೆಡಲಿನಲ್ಲಿ ಅದೇ ಸ್ವರ. ಇದು ಚೆನ್ನಾಗಿದೆಯಾ, ಅದಾ? ಪ್ರತಿ ಸಲ ಗೆಲ್ಲುತ್ತಿದ್ದದ್ದು ಎರಡರಲ್ಲಿ ದಪ್ಪನೆಯದು, ಅಗಲವಾದದ್ದು. ಒಬ್ಬನೇ ಕೂತು ಕೇಳಿದರೆ ಅದೇ ಗೆಲ್ಲುವುದು. ಖಾಲಿ ಕೋಣೆಯಲ್ಲಿ ಎಷ್ಟು ದೊಡ್ಡ ಬೀರು ಇಟ್ಟರೂ ಚೆಂದವೇ ಕಾಣುತ್ತದೆ, ಜನ ಓಡಾಡಲು ಶುರು ಮಾಡಿದಾಗಲೇ ಮೊಣಕಾಲಿಗೆ ಬಡಿಯುವುದು.

ಬ್ಯಾಂಡಿನಲ್ಲಿ ಹಾಡುತ್ತಿದ್ದವಳು ಅವನ ಸ್ವಂತ ತಂಗಿ. ಬೆನ್ನಿಗೆ ಬಿದ್ದವಳು. ಅಪ್ಪ ಅಮ್ಮ ಹೋದ ಮೇಲೆ ಅಂಗಡಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಒಳಗಿನ ಕತ್ತಲ ಕೋಣೆಯಲ್ಲಿ ಅವನು ಕಣ್ಣು ನೋಡುತ್ತಿದ್ದ, ಮುಂದಿನ ಕೌಂಟರಿನಲ್ಲಿ ಅವಳು ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುತ್ತಿದ್ದಳು. ಗಾಜು ಒರೆಸುವಾಗೆಲ್ಲ ಗುನುಗುವುದು ಅವಳ ಅಭ್ಯಾಸ. ಕಾಯುತ್ತಾ ಕೂತ ಗಿರಾಕಿಗಳು ಬೇಸರಪಟ್ಟುಕೊಳ್ಳದೆ ಇರುತ್ತಿದ್ದದ್ದು ಆ ಗುನುಗಿನಿಂದಲೇ.

ಬ್ಯಾಂಡಿಗೆ ಹೆಸರು ತಂದುಕೊಟ್ಟ ಹಾಡು ಅವರಪ್ಪ ಕಟ್ಟಿದ್ದು. ಅಪ್ಪ ಇದೇ ಅಂಗಡಿಯ ಮೂಲೆಯಲ್ಲಿ ಮೆಷೀನಿನ ಮುಂದೆ ಕೂತು ಗಾಜು ಉಜ್ಜುತ್ತಾ, ಮೆಷೀನಿನ ಸದ್ದಿಗೆ ಸರಿಯಾಗಿ ಮಗಳಿಗೆ ಅಂತ ನಾಲ್ಕು ಸಾಲು ಹೊಸೆದಿದ್ದರು. 'ದೂರದ ದೀಪ ಮಸುಕಾಯ್ತು ಮಗಳೇ, ಹತ್ತಿರ ಬಂದು ಹೆಸರ ಹೇಳೇ' ಅಂತ ಶುರು. 'ಬಾಗಿಲು ತೆರೆದೇ ಇಟ್ಟಿದ್ದೇನೆ' ಅಂತ ಕೊನೆ. ನಡುವೆ ಮೂರನೇ ಸಾಲೊಂದು ಇತ್ತು. ಟೋನಣ್ಣ ಮೊಟ್ಟಮೊದಲ ದಪ್ಪ ದನಿಯ ಪೆಡಲು ತಂದ ವರ್ಷ ಆ ಸಾಲನ್ನು ಕಿತ್ತು ಅಲ್ಲಿ ತನ್ನ ಗಿಟಾರ್ ಸೋಲೋ ಕೂರಿಸಿದ.

"ಅಣ್ಣಾ, ಅಪ್ಪನ ಸಾಲು ಹೋಯ್ತಲ್ಲ," ಅಂದಿದ್ದಳು ತಂಗಿ ಆಗ.

"ಒಂದು ಸಾಲು ಹೋದ್ರೆ ಅರ್ಥ ಏನೂ ಕೆಡಲ್ಲ. ಇಲ್ಲಿ ಗಿಟಾರ್ ಮಾತಾಡಬೇಕು."

"ಸರಿ ಅಣ್ಣ," ಅಂದಳು. ಅವಳು ಅಂಥವಳೇ. ಅಣ್ಣ ಹೇಳಿದ ಮೇಲೆ ಮುಗಿಯಿತು.

ಆಮೇಲೆ ಅವಳಿಗೆ ಮದುವೆಯಾಯಿತು, ಬಸುರಾದಳು, ಹೆಣ್ಣು ಮಗು ಹುಟ್ಟಿತು. ವರ್ಷಕ್ಕೂ ಮೇಲೆ ಅವಳು ಮಹಡಿ ಹತ್ತಲಿಲ್ಲ. ಹಾಡುವವರಿಲ್ಲದ ಆ ದಿನಗಳಲ್ಲಿ ಡಬ್ಬ, ಬಾಸ್ ಗಿಟಾರಿನ ಮೌನಿ, ಟೋನಣ್ಣ, ಮೂವರೇ ನುಡಿಸುತ್ತಿದ್ದರು. ನಡುವೆ ಅವಳ ದನಿ ಇರಬೇಕಾದ ಕಡೆ ಬೋಳು ಬೋಳು ಅನ್ನಿಸುತ್ತಿತ್ತು. ಟೋನಣ್ಣ ಅಲ್ಲಿಗೆ ಒಂದು ಪೆಡಲು ತುಂಬಿದ. ಇನ್ನೂ ಬೋಳು ಅನ್ನಿಸಿತು, ಇನ್ನೊಂದು ತುಂಬಿದ. ಕೊನೆಗೊಂದು ದಿನ ಅವನ ಗಿಟಾರು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಮ ತುಂಬಿ ನಿಂತಿತು. ಸ್ವರ ಮುಗಿದ ಮೇಲೂ ಅದರ ಬಾಲ ಮುಂದಿನ ಸ್ವರದ ಮೇಲೆ ಬಂದು ಬೀಳುತ್ತಿತ್ತು. "ಸಿಕ್ತು ಕಣ್ರೋ," ಅಂದ. ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಬಾರದು, ಒಂಟಿಯಾಗಿ ಕೇಳಿದರೆ ಅದು ನಿಜಕ್ಕೂ ಚೆನ್ನಾಗಿಯೇ ಇತ್ತು.

ಮಗುವನ್ನು ಗಂಡನ ಕೈಗೆ ಕೊಟ್ಟು ತಂಗಿ ಮತ್ತೆ ಹಾಡಲು ಬಂದಳು. ಬಂದವಳಿಗೆ ಜಾಗವೇ ಇರಲಿಲ್ಲ. ಎಷ್ಟು ಹಾಡಿದರೂ ದನಿ ಮೇಲೇಳುತ್ತಿರಲಿಲ್ಲ. "ಮೈಕಿಗೆ ಹತ್ತಿರ ಹೋಗು," ಅಂದ ಟೋನಣ್ಣ. ಹೋದಳು. "ಇನ್ನೂ ಹತ್ತಿರ." ಮೈಕು ತುಟಿಗೆ ತಾಗಿತು. ಸ್ಪೀಕರಿನ ಗುಂಡಿ ಏರಿಸಿದರೆ ಕೀ ಅಂತ ಕಿರುಚುತ್ತಿತ್ತು. ಅವಳು ಕತ್ತಿನ ನರ ಉಬ್ಬಿಸಿ ಹಾಡಿದಳು, ಮನೆಗೆ ಹೋಗಿ ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸಿದಳು, ಮರುವಾರ ಮತ್ತೆ ಬಂದಳು. ಟೋನಣ್ಣನಿಗೆ ತನ್ನ ಹೊಸ ಟೋನು ಕೈಗೆ ಬಂದ ಸಂಭ್ರಮ. ಅದರಲ್ಲಿ ಏನಾದರೂ ಊನ ಇರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ಊನ ಎಲ್ಲೋ ಇರಲೇಬೇಕಲ್ಲ, ಹಾಗಾಗಿ ತಂಗಿಯ ಗಂಟಲಲ್ಲಿ ಹುಡುಕಿದ.

ಒಂದು ಬೆಳಿಗ್ಗೆ ಕೌಂಟರಿನ ಹತ್ತಿರ ನಿಂತು, ಖಾಲಿ ಫ್ರೇಮೊಂದನ್ನು ಸುಮ್ಮನೆ ಮಡಿಸಿ ಬಿಡಿಸುತ್ತಾ, ಹೇಳಿಬಿಟ್ಟ. "ಬೇಜಾರು ಮಾಡ್ಕೋಬೇಡ. ಮಗು ಆದ್ಮೇಲೆ ಕೆಲವರಿಗೆ ದನಿ ಹೋಗಿಬಿಡುತ್ತೆ. ನಿನ್ನದು ಈಗ ಹಾಡಲ್ಲಿ ಕೂರ್ತಿಲ್ಲ."

ಅವಳು ಒರೆಸುತ್ತಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. "ನನಗೂ ಹಾಗೇ ಅನ್ನಿಸ್ತಿತ್ತು," ಅಂದಳು. "ನಿನ್ನ ಕಿವಿ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ನೀನು ಹೇಳಿದ್ದು ಒಳ್ಳೇದಾಯ್ತು ಬಿಡು."

ಅಷ್ಟಕ್ಕೇ ಬಿಟ್ಟನೇ? ಇಲ್ಲ. ತಂಗಿಯ ಗಂಡನಿಗೂ ಬಿಡಿಸಿ ಹೇಳಿದ, ಅವಳಿಗೆ ಒತ್ತಾಯ ಮಾಡಬೇಡಿ ಪಾಪ ಅಂತ. ತಾನು ಮಾಡಿದ್ದು ಕಷ್ಟದ ಕೆಲಸ, ಆದರೆ ಅಣ್ಣನಾದವನು ಮಾಡಲೇಬೇಕಾದ ಕೆಲಸ ಅಂತ ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆವತ್ತಿನಿಂದ ಕೌಂಟರಿನಲ್ಲಿ ಗುನುಗು ನಿಂತಿತು. ಅದು ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ, ಕಿವಿ ಅಷ್ಟು ಚೆನ್ನಾಗಿತ್ತು.

ಅವಳ ಜಾಗಕ್ಕೆ ಬಂದವಳು ಪುಟ್ಟ ಮಕ್ಕಳ ಶಾಲೆಯ ಟೀಚರ್. ಒಳ್ಳೇ ಕಂಠ, ಬಾಯಿಗೆ ಬೀಗವಿಲ್ಲ. ಮುಂದಿನ ತಿಂಗಳು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿದ್ದರು, ತಾಲೀಮು ಜೋರಾಗಿ ನಡೆದಿತ್ತು. ಕೆಲವು ವಾರಗಳಲ್ಲೇ ಟೀಚರ ಗಂಟಲೂ ಕೂತುಹೋಯಿತು. "ಮಕ್ಕಳನ್ನ ಗದರೋಕೂ ದನಿ ಬರ್ತಿಲ್ಲ ಸಾರ್, ಅವು ನನ್ನ ತಲೆ ಮೇಲೆ ಕೂತಿವೆ," ಅಂದಳು. ಇವಳದೂ ಹೋಯಿತಲ್ಲಪ್ಪ, ಈ ಕಾಲದವರ ಗಂಟಲೇ ಇಷ್ಟು ಅಂದುಕೊಂಡ ಟೋನಣ್ಣ.

ಆವತ್ತು ಸಂಜೆ ಅಪ್ಪನ ಹಾಡನ್ನೇ ನುಡಿಸುತ್ತಿದ್ದರು. ಎರಡನೇ ಸಾಲಿನ ನಡುವೆ ಟೋನಣ್ಣನ ಹಲಗೆಯಿಂದ ಟಪ್ ಅಂತ ಒಂದು ಸದ್ದು ಬಂತು, ಸುಟ್ಟ ವಾಸನೆ ಬಂತು, ಪೆಡಲುಗಳ ಕೆಂಪು ದೀಪಗಳು ಒಟ್ಟಿಗೇ ಆರಿದವು. ಅಡಾಪ್ಟರ್ ಸತ್ತಿತ್ತು. ಗಿಟಾರಿಗೆ ದಾರಿ ಕಟ್ಟಿ ಆ್ಯಂಪು ಮೂಕವಾಯಿತು. ಡಬ್ಬ ಒಮ್ಮೆ ಬಾರಿಸಲು ಶುರು ಮಾಡಿದರೆ ಭೂಕಂಪವಾದರೂ ನಿಲ್ಲಿಸುವವನಲ್ಲ, ಅವನು ಬಾರಿಸುತ್ತಲೇ ಇದ್ದ, ಮೌನಿ ಬಾಸ್ ನುಡಿಸುತ್ತಲೇ ಇದ್ದ. ಟೀಚರ ದನಿ ಎದ್ದಿತು. ಅವಳೇನೂ ಜೋರು ಮಾಡಿರಲಿಲ್ಲ. ಕೂತುಹೋದ ಅದೇ ಗಂಟಲು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಗೋಡೆಗೆ ತಾಗಿ ಬರುತ್ತಿತ್ತು. ಬಗ್ಗಿ ವೈರು ತಡಕಾಡುತ್ತಿದ್ದ ಟೋನಣ್ಣ ಹಾಗೆಯೇ ಬಗ್ಗಿಕೊಂಡೇ ಉಳಿದ.

ಹಾಡು ಮುಗಿಯಿತು. ಟೀಚರ್ ಗಂಟಲು ಮುಟ್ಟಿ ನೋಡಿಕೊಂಡಳು. "ನೋವಾಗ್ಲಿಲ್ಲ," ಅಂದಳು. ಆಮೇಲೆ ಮಕ್ಕಳಿಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ಸಾರ್, ನಿಮ್ಮ ಗಿಟಾರ್ ಇಷ್ಟು ದಿನ ನನ್ನ ದನಿ ಮೇಲೇ ಕೂತಿತ್ತು ಅಲ್ವಾ? ಕೆಳಗಡೆ ಮೇಡಂಗೂ ಹೀಗೇ ಆಗಿತ್ತಾ?"

ಡಬ್ಬ ತನ್ನ ಕೋಲಿನ ತುದಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಮೌನಿ ತಂತಿ ಒರೆಸತೊಡಗಿದ. ಟೋನಣ್ಣ ಅವರಿಬ್ಬರ ಮುಖವನ್ನೂ ನೋಡಿದ. ಇವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

"ನೀನಾದ್ರೂ ಹೇಳಬಾರದಿತ್ತೇನೋ?" ಅಂದ ಡಬ್ಬನಿಗೆ.

"ಹೇಳಿದ್ದೆ," ಅಂದ ಡಬ್ಬ. "ಗಿಟಾರ್ ಜಾಸ್ತಿ ಆಯ್ತು, ಅವಳದು ಕೇಳಿಸ್ತಿಲ್ಲ ಅಂದೆ. ನೀನು ಮಾರನೇ ದಿನ ಇನ್ನೊಂದು ಪೆಡಲ್ ತಂದೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಟೋನಣ್ಣನಿಗೆ. ನೆಲ ಹಾಗೆಲ್ಲ ಕೇಳಿದಾಗ ಬಾಯಿಬಿಡುವುದಿಲ್ಲ. ಆ ನೆಲದ ಕೆಳಗೇ ತಂಗಿ ದಿನದ ಕೆಲಸ ಮುಗಿಸಿ ಕೌಂಟರ್ ಒರೆಸುತ್ತಿದ್ದಳು.

ಅವನು ಮೆಟ್ಟಿಲಿಳಿದು ಬಂದಾಗ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮುಖದಲ್ಲಿ ನಗು. "ಇವತ್ತು ಟೀಚರ್ ಎಷ್ಟು ಚೆನ್ನಾಗಿ ಹಾಡಿದ್ಲು ಅಣ್ಣ," ಅಂದಳು. "ಕೆಳಗಡೆವರೆಗೂ ಒಂದೊಂದು ಮಾತೂ ಕೇಳಿಸ್ತು. ನೀನು ಹೇಳಿದ್ದೇ ಸರಿ. ಹಾಡಲ್ಲಿ ಕೂರೋ ದನಿ ಅಂದ್ರೆ ಹಾಗಿರಬೇಕು. ನನ್ನದು ಹಾಗೆ ಬರ್ತಾನೇ ಇರ್ಲಿಲ್ಲ."

ಅಲ್ಲೇ ಹೇಳಬೇಕಿತ್ತು. ಅದಕ್ಕಿಂತ ಒಳ್ಳೇ ಗಳಿಗೆ ಸಿಗುವುದಿಲ್ಲ, ಅವಳೇ ಬಾಗಿಲು ತೆಗೆದುಕೊಟ್ಟಿದ್ದಳು. ಟೋನಣ್ಣ "ಹೂಂ," ಅಂದ. ಅವಳು ಶಟರಿನ ಕೆಳಗೆ ತಲೆ ಬಗ್ಗಿಸಿ ಹೊರಗೆ ಹೋದಳು. ಆ ಒಂದು 'ಹೂಂ' ಅವನ ಬಾಯಲ್ಲೇ ಉಳಿಯಿತು. ಊಟ ಮಾಡಿದರೂ ಹೋಗಲಿಲ್ಲ.

ನಾಚಿಕೆ ಆದವರು ಏನು ಮಾಡುತ್ತಾರೆ? ತಪ್ಪು ಒಪ್ಪಿಕೊಳ್ಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ನಿಮಗೆ ಮನುಷ್ಯರ ಪರಿಚಯ ಸಾಲದು. ಟೋನಣ್ಣ ಹೊಸ ಪೆಡಲು ಕೊಳ್ಳಲು ಹೋದ. ಗಿಟಾರ್ ಸಾಮಾನಿನ ಅಂಗಡಿಯವನಿಗೆ ಅವನನ್ನು ಕಂಡರೆ ಹಬ್ಬ. ಗಾಜಿನ ಕಪಾಟು ತೆರೆದು, "ಬನ್ನಿ ಬನ್ನಿ, ಹೊಸದು ಬಂದಿದೆ," ಅಂದ. "ಈ ಸಲ ಯಾವ ಥರದ ಸೌಂಡ್ ಬೇಕು?"

ಟೋನಣ್ಣ ತೊದಲಿದ. ಹಾಡುವವರು ಇದ್ದಾಗ ಸ್ವಲ್ಪ ಹಿಂದೆ ಸರಿಯುವಂಥದ್ದು ಬೇಕು, ಮಧ್ಯದಲ್ಲಿ ಜಾಗ ಬಿಡುವಂಥದ್ದು, ಅಂದರೆ ಇರಬೇಕು, ಆದರೆ ಇಲ್ಲದ ಹಾಗೆ ಇರಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಷ್ಟು ಹೊತ್ತು ಮಾತಾಡಿದನೋ. ಅಂಗಡಿಯವನು ತಾಳ್ಮೆಯಿಂದ ಕೇಳಿ, ಗೋಡೆಯಲ್ಲಿ ನೇತುಹಾಕಿದ್ದ ಗಿಟಾರೊಂದರ ವಾಲ್ಯೂಮ್ ಗುಂಡಿಯ ಮೇಲೆ ಬೆರಳಿಟ್ಟ.

"ಕಡಿಮೆ ಮಾಡೋದಕ್ಕಾದ್ರೆ ಇದು ನಿಮ್ಮ ಗಿಟಾರಲ್ಲೇ ಇದೆಯಲ್ಲ ಸಾರ್," ಅಂದು ನಕ್ಕ. "ಇದಕ್ಕೂ ಪೆಡಲ್ ಮಾರಿದ್ರೆ ಪಾಪ ಬರುತ್ತೆ ನನಗೆ."

ಟೋನಣ್ಣನೂ ಹುಳ್ಳಹುಳ್ಳಗೆ ನಕ್ಕು ಬರಿಗೈಲಿ ಹೊರಗೆ ಬಂದ. ಆ ಅಂಗಡಿಯಿಂದ ಅವನು ಬರಿಗೈಲಿ ಬಂದದ್ದು ಅದೇ ಮೊದಲು. ಬೀದಿಯುದ್ದಕ್ಕೂ ಎದುರಿಗೆ ಬಂದವರೆಲ್ಲ ತನ್ನನ್ನೇ ನೋಡಿ ನಗುತ್ತಿದ್ದಾರೆ ಅನ್ನಿಸಿ, ಒಬ್ಬ ಹಳೇ ಗಿರಾಕಿಯ ನಮಸ್ಕಾರಕ್ಕೂ ತಿರುಗಿ ನಮಸ್ಕಾರ ಹೇಳದೆ ನಡೆದ.

ಅದಾದ ಮೇಲೂ ದಿನಗಳು ಹೋದವು. ತಂಗಿ ಎದುರಿಗೆ ಬಂದರೆ ಕಣ್ಣು ತಪ್ಪಿಸುತ್ತಿದ್ದ. ತಾಲೀಮಿಗೆ ಬರಬೇಡಿ, ಅಡಾಪ್ಟರ್ ಇನ್ನೂ ಸಿಕ್ಕಿಲ್ಲ ಅಂತ ಉಳಿದವರಿಗೆ ಸುಳ್ಳು ಹೇಳಿದ. ಕೌಂಟರಿನಿಂದ ಗುನುಗು ಬರುತ್ತಿಲ್ಲ ಅನ್ನುವುದು ಈಗ ಅವನಿಗೆ ಕೇಳಿಸತೊಡಗಿತ್ತು. ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಿರುವಾಗ, ಸೂಜಿ ಬಿದ್ದರೂ ಕೇಳಿಸುವ ಆ ಮೌನ ಪರದೆ ದಾಟಿ ಒಳಗೆ ಬರುತ್ತಿತ್ತು. ಹೇಳಬೇಕು ಅಂತ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ, ಮಧ್ಯಾಹ್ನಕ್ಕೆ ನಾಳೆ ಅಂತ ಮುಂದೂಡುತ್ತಿದ್ದ. ಅವನಿಗೆ ಅವನ ಮೇಲೇ ಅಸಹ್ಯ ಹುಟ್ಟಿತು.

ಒಂದು ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ತಂಗಿಯೇ ಕತ್ತಲ ಕೋಣೆಗೆ ಬಂದಳು. "ಯಾಕೋ ತಲೆನೋವು ಬರ್ತಿದೆ ಅಣ್ಣ. ಕಣ್ಣು ನೋಡ್ತೀಯಾ?" ಅಂದು ಕುರ್ಚಿಯಲ್ಲಿ ಕೂತಳು. ಅವನು ಪರೀಕ್ಷೆಯ ಭಾರವಾದ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿದ. ಎದುರುಗೋಡೆಯ ಅಕ್ಷರಗಳಿಗೆ ದೀಪ ಹಾಕಿ, ಒಂದು ಗಾಜು ಇಟ್ಟ, ತೆಗೆದು ಇನ್ನೊಂದು ಇಟ್ಟ.

"ಇದು ಸ್ಪಷ್ಟವಾ, ಅದಾ?"

"ಗೊತ್ತಾಗ್ತಿಲ್ಲ."

ಮತ್ತೆ ಬದಲಿಸಿದ. "ಈಗ?"

"ನನಗೆ ತಿಳಿಯಲ್ಲ ಅಣ್ಣ. ಯಾವುದು ಸರಿ ನೀನೇ ಹೇಳಿಬಿಡು."

"ನಿನ್ನ ಕಣ್ಣಿಗೆ ಕಾಣೋದನ್ನ ನಾನು ಹೇಗೆ ಹೇಳಲಿ?"

"ನನ್ನ ದನಿ ಹೇಗಿದೆ ಅಂತ ನೀನೇ ಹೇಳಿದ್ಯಲ್ಲ," ಅಂದಳು. ಚುಚ್ಚಿ ಮಾತಾಡುವುದು ಅವಳಿಗೆ ಬರುವುದಿಲ್ಲ. ನಿಜವಾಗಿ ನಂಬಿಯೇ ಹೇಳಿದಳು. "ನನಗೇನೋ ಸರಿಯಾಗೇ ಹಾಡ್ತಿದ್ದೀನಿ ಅನ್ನಿಸ್ತಿತ್ತು. ಆವತ್ತು ನಿನ್ನ ಮುಂದೆ 'ನನಗೂ ಹಾಗೇ ಅನ್ನಿಸ್ತಿತ್ತು' ಅಂದೆನಲ್ಲ, ಅದು ಸುಳ್ಳು. ಅನ್ನಿಸಿರ್ಲಿಲ್ಲ. ಅಷ್ಟು ಕೆಟ್ಟಿದ್ರೂ ನನಗೆ ತಿಳೀಲಿಲ್ಲವಲ್ಲ, ಅಂದ್ಮೇಲೆ ನನ್ನ ಅಂದಾಜನ್ನ ಯಾವುದರಲ್ಲೂ ನಂಬೋ ಹಾಗಿಲ್ಲ."

ಟೋನಣ್ಣ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿ ಇಟ್ಟ. ಕತ್ತಲಿತ್ತು, ಅದೊಂದು ಪುಣ್ಯ. ಮುಖ ಕಾಣುತ್ತಿರಲಿಲ್ಲ.

"ನಿನ್ನ ದನಿ ಕೆಟ್ಟಿರಲಿಲ್ಲ," ಅಂದ. "ಒಂದು ದಿನಾನೂ ಕೆಟ್ಟಿರಲಿಲ್ಲ. ನೀನಿಲ್ಲದಾಗ ನಿನ್ನ ಜಾಗಕ್ಕೆಲ್ಲ ನಾನು ಗಿಟಾರ್ ತುಂಬಿಸಿದ್ದೆ. ನೀನು ಬಂದಾಗ ತೆಗೀಲಿಲ್ಲ. ಯಾರು ಹಾಡಿದ್ರೂ ಮುಳುಗ್ತಿದ್ರು. ಟೀಚರೂ ಮುಳುಗಿದ್ಲು. ಆವತ್ತು ಅಡಾಪ್ಟರ್ ಸುಟ್ಟು ನನ್ನ ಗಿಟಾರ್ ನಿಂತುಹೋಯ್ತು, ಅದಕ್ಕೇ ಅವಳದು ನಿನಗೆ ಕೇಳಿಸಿದ್ದು."

ಅವಳು ಫ್ರೇಮನ್ನು ತಾನೇ ಎರಡೂ ಕೈಯಿಂದ ತೆಗೆದು ಅವನ ಮೇಜಿನ ಮೇಲಿಟ್ಟಳು.

"ಆವತ್ತು ನಾನು ಅವಳನ್ನ ಹೊಗಳಿದೆ," ಅಂದಳು. "ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೂಂ ಅಂದೆ ನೀನು."

"ಹೌದು."

ಅವಳು ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಗುಳಕ್ಕೆ ಅವನು ತಲೆತಗ್ಗಿಸಿ ತಯಾರಾಗಿ ನಿಂತಿದ್ದ.

"ಮಗಳನ್ನ ಮಲಗಿಸೋವಾಗ ಫೋನಲ್ಲಿ ಹಾಡು ಹಾಕ್ತೀನಿ ಅಣ್ಣ," ಅಂದಳು. "ನಾನು ಹಾಡಲ್ಲ. ಕೆಟ್ಟ ದನಿ ಕೇಳಿ ಕೇಳಿ ಅವಳಿಗೂ ಅದೇ ಅಂಟಿಬಿಟ್ರೆ ಅಂತ. ಅವಳು ನನ್ನ ಹಾಡು ಒಂದ್ಸಲಾನೂ ಕೇಳಿಲ್ಲ."

ಟೋನಣ್ಣನಿಗೆ ಕ್ಷಮಿಸು ಅನ್ನಬೇಕು ಅನ್ನಿಸಿತು. ಆದರೆ ಆ ಮಾತು ಬಾಯಿಗೆ ಬರುವಷ್ಟರಲ್ಲೇ ಬಹಳ ಅಗ್ಗದ್ದಾಗಿ ಕಂಡಿತು. ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಳ್ಳಿದ ಸದ್ದಾಯಿತು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ಪರದೆ ಸರಿಸಿ ಹೊರಗೆ ಹೋಗಿ, "ಬನ್ನಿ, ಕೂತ್ಕೊಳ್ಳಿ, ಡಾಕ್ಟ್ರು ಒಳಗಿದ್ದಾರೆ," ಅಂದಳು. ದಿನಾ ಕೇಳುವ ಅದೇ ದನಿ. ಅಷ್ಟು ತಿಳಿಯಾದ ದನಿ ಪರದೆಯ ಆಚೆ ಇಷ್ಟು ದಿನವೂ ಇತ್ತು.

ಆ ದಿನವೆಲ್ಲ ಅವರು ಗಿರಾಕಿಗಳ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಸಂಜೆ ಶಟರ್ ಎಳೆಯುವ ಹೊತ್ತಿಗೆ ಟೋನಣ್ಣ ಧೈರ್ಯ ಮಾಡಿ, "ಒಂದ್ಸಲ ಮೇಲೆ ಬರ್ತೀಯಾ?" ಅಂತ ಕೇಳಿದ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಸರಿ, ಬರುವುದಿಲ್ಲ, ಬರಬೇಕಾಗಿಯೂ ಇಲ್ಲ ಅಂದುಕೊಂಡು ಅವನು ಒಬ್ಬನೇ ಮೆಟ್ಟಿಲು ಹತ್ತಿದ.

ಪೆಡಲಿನ ಹಲಗೆಯನ್ನು ಎತ್ತಿ ಗೋಡೆಗೆ ಮುಖ ಮಾಡಿ ಒರಗಿಸಿದ. ಒಂದೇ ಒಂದು ವೈರು ತೆಗೆದುಕೊಂಡು ಗಿಟಾರಿನಿಂದ ನೇರವಾಗಿ ಆ್ಯಂಪಿಗೆ ಚುಚ್ಚಿ, ಒಂದು ಸ್ವರ ಮೀಟಿದ. ಅಯ್ಯೋ, ಎಷ್ಟು ಬಡಕಲು. ಬೆರಳು ತಂತಿಗೆ ಸರಿಯಾಗಿ ಕೂರದ್ದು, ಉಗುರು ಉಜ್ಜಿದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ಕೇಳಿಸುತ್ತಿತ್ತು. ಇಷ್ಟು ವರ್ಷ ಪೆಡಲುಗಳು ಮುಚ್ಚಿಟ್ಟಿದ್ದ ಅವನ ಕೈ ಇದೇ. ಒಂದು ಸ್ವರ ಕೇಳಿ ಗುರುತು ಹಿಡಿಯಬೇಕು ಅಂದಿದ್ದನಲ್ಲ, ಈಗ ಯಾರು ಬೇಕಾದರೂ ಹಿಡಿಯಬಹುದಾಗಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಂಗಿ ಬಂದು ಬಾಗಿಲಲ್ಲಿ ನಿಂತಳು. ಮೈಕಿನ ಹತ್ತಿರ ಹೋಗಲಿಲ್ಲ, ಬ್ಯಾಗನ್ನೂ ಇಳಿಸಲಿಲ್ಲ.

"ಏನು ನುಡಿಸ್ತೀಯಾ?" ಅಂದಳು.

"ಅಪ್ಪಂದು."

ಅವನು ಮೆಲ್ಲಗೆ ಶುರು ಮಾಡಿದ. ಅವಳು ಗೋಡೆ ನೋಡುತ್ತಾ ಹಾಡಿದಳು, ದೂರದ ದೀಪ ಮಸುಕಾಯ್ತು ಮಗಳೇ. ಮೊದಲು ಅಳುಕಿದಳು, ಹಿಂದೆ ಬಿದ್ದಳು, ಆಮೇಲೆ ದನಿ ಹಾಗೇ ನೆಟ್ಟಗಾಯಿತು. ಏನೂ ಹೋಗಿರಲಿಲ್ಲ. ಅಪ್ಪನ ಮೆಷೀನಿನ ಪಕ್ಕ ಕೂತು ಹಾಡುತ್ತಿದ್ದ ಹುಡುಗಿಯ ದನಿಗೆ ಒಂದಿಷ್ಟು ತೂಕ ಸೇರಿತ್ತು, ಅಷ್ಟೇ. ಟೋನಣ್ಣ ತಲೆಯೆತ್ತಲಿಲ್ಲ. ಎತ್ತಿದರೆ ಅವಳ ಮುಖ ನೋಡಬೇಕಾಗುತ್ತಿತ್ತು.

ಎರಡನೇ ಸಾಲು ಮುಗಿದ ಕೂಡಲೇ ಅವಳು ನಿಲ್ಲಿಸಿ, ಅಭ್ಯಾಸದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಆ್ಯಂಪಿನ ಕಡೆ ತಿರುಗಿದಳು.

"ಯಾಕೆ ನಿಲ್ಲಿಸಿದೆ?"

"ಇಲ್ಲಿ ನಿನ್ನದು ಬರುತ್ತಲ್ಲ."

"ಇಲ್ಲ. ನಾನು ನುಡಿಸಲ್ಲ. ಅಪ್ಪನ ಸಾಲು ಹಾಡು."

ಅವಳು ಬಾಯಿ ತೆರೆದಳು, ಮುಚ್ಚಿದಳು. ಹಣೆ ಮುದುಡಿಕೊಂಡು ನಿಂತಳು. "ಬರ್ತಿಲ್ಲ," ಅಂದಳು. "ಬಿಟ್ಟು ಎಷ್ಟು ವರ್ಷ ಆಯ್ತು. 'ಅಣ್ಣ' ಅಂತ ಶುರುವಾಗುತ್ತೆ. ಅದರಲ್ಲಿ ಅಪ್ಪ ನಿನ್ನ ವಿಷಯ ಏನೋ ಇಟ್ಟಿದ್ರು. ಆಮೇಲೇನಣ್ಣ? ನಿನಗೆ ಜ್ಞಾಪಕ ಇರಬೇಕಲ್ಲ?"

ಟೋನಣ್ಣ ನೆನಪಿನ ತಳವನ್ನೆಲ್ಲ ತಡಕಿದ. ಮೆಷೀನಿನ ಸದ್ದು ಸಿಕ್ಕಿತು, ಅಪ್ಪನ ಬಗ್ಗಿದ ಬೆನ್ನು ಸಿಕ್ಕಿತು, ಆ ಸಾಲಿನ ಸ್ವರಗಳೂ ಸಿಕ್ಕವು. ಮಾತು ಒಂದೂ ಸಿಗಲಿಲ್ಲ. ಆ ಹಾಡನ್ನು ಅವನು ಸಾವಿರ ಸಲ ನುಡಿಸಿದ್ದ. ಮಾತು ಏನು ಹೇಳುತ್ತಿದೆ ಅಂತ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡಿದ್ದರೆ ಕೀಳುವಾಗ ಕೈ ತಡೆಯುತ್ತಿತ್ತೋ ಏನೋ.

"ಇಲ್ಲ," ಅಂದ. "ನನಗೆ ಗೊತ್ತಿಲ್ಲ."

ತಂಗಿ ಈಗ ಮೊದಲ ಸಲ ಅವನ ಮುಖವನ್ನೇ ನೇರವಾಗಿ ನೋಡಿದಳು. ಕೋಪವಾಗಿದ್ದರೆ ಅವನು ತಾಳಿಕೊಳ್ಳುತ್ತಿದ್ದ, ಅದು ಕೋಪವಾಗಿರಲಿಲ್ಲ. ಕಿವಿಯವರೆಗೂ ಬಿಸಿಯಾಗಿ ಅವನು ಗಿಟಾರಿನ ಮೇಲೆ ಬಗ್ಗಿ, ವಾಲ್ಯೂಮ್ ಗುಂಡಿಯನ್ನು ಇನ್ನೂ ಇಳಿಸಿ, ಮೂರನೇ ಸಾಲಿನ ಸ್ವರಗಳನ್ನು ಒಂದೊಂದಾಗಿ ಮೀಟಿದ. ನಡುವೆ ಒಂದು ಸ್ವರ ತಪ್ಪಿತು.

"ಇನ್ನೊಂದ್ಸಲ," ಅಂದಳು ಅವಳು. ಬ್ಯಾಗು ಇಳಿಸಿ ನೆಲದ ಮೇಲಿಟ್ಟಳು.

ಅವನು ಮತ್ತೆ ಮೀಟಿದ. ಅವಳ ತುಟಿ ಅಲುಗುತ್ತಿತ್ತು, 'ಅಣ್ಣ' ಅನ್ನುವವರೆಗೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು.

"ಇನ್ನೊಂದ್ಸಲ," ಅಂದಳು.